ಮಂಚದ ಪಕ್ಕ ಆಡಿದ ಇಂಗ್ಲಿಷು

ಕಳೆದ ತಿಂಗಳು ಇಲ್ಲಿನ ಒಂದು ನರ್ಸಿಂಗ್ ಕಾಲೇಜಿನವರು ಹೊಸ ಬ್ಯಾಚಿನ ಹುಡುಗಿಯರಿಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ವಿಷಯ ‘ಎಫೆಕ್ಟಿವ್ ಕಮ್ಯುನಿಕೇಶನ್’. ನಜರ್‌ಬಾದಿನ ಮನೆಯಿಂದ ಆಟೋ ಹಿಡಿದು ಹೋದೆ. ಪರದೆಯ ಮೇಲೆ ಆಗಲೇ ಒಂದು ಚಿತ್ರ ಬಿದ್ದಿತ್ತು. ಎಡಗಡೆ ಒಂದು ಚೌಕದೊಳಗೆ ‘ಸೆಂಡರ್’, ಬಲಗಡೆಯ ಚೌಕದೊಳಗೆ ‘ರಿಸೀವರ್’, ನಡುವೆ ಒಂದು ಬಾಣ. ನಾನೂ ಇಪ್ಪತ್ತು ನಿಮಿಷ ಆ ಬಾಣದ ಸುತ್ತಲೇ ಮಾತಾಡಿದೆ. ಐ ಕಾಂಟ್ಯಾಕ್ಟ್ ಇರಲಿ, ದನಿ ಮೆತ್ತಗಿರಲಿ, ಮುಖದಲ್ಲಿ ಒಂದು ಸ್ಮೈಲ್ ಇರಲಿ. ಹುಡುಗಿಯರು ಚಪ್ಪಾಳೆ ತಟ್ಟಿದರು. ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ಅಲ್ಲಿ ಹೇಳಬೇಕಾಗಿದ್ದುದು ಒಬ್ಬ ಹೆಂಗಸಿನ ವಿಷಯ. ಅದನ್ನು ಬಿಟ್ಟು ಬಂದಿದ್ದೆ.

ಆಕೆಯನ್ನು ಇಲ್ಲಿ ಜಯಮ್ಮ ಎನ್ನುತ್ತೇನೆ. ಆಕೆ ಆಪರೇಷನ್ನಿಗೆ ಬರಬೇಕಾದ ದಿನ ಬರಲಿಲ್ಲ, ಆಮೇಲೆ ಐದು ತಿಂಗಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಎದೆಯಲ್ಲಿ ಗಡ್ಡೆ ಇಟ್ಟುಕೊಂಡು ಕಳೆದ ಐದು ತಿಂಗಳು ಎಂದರೆ ಏನೆಂದು ನಮ್ಮ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ. ಬರದೇ ಹೋದದ್ದಕ್ಕೆ ಕಾರಣ ನಮ್ಮ ಮಾತು. ನಾನು ಮೂವತ್ನಾಲ್ಕು ವರ್ಷ ಸಿಸ್ಟರ್ ಆಗಿ ದುಡಿದವಳು. ಸ್ಟಾಫ್ ನರ್ಸ್ ಆಗಿದ್ದವಳು ಯಾವಾಗ ವಾರ್ಡ್ ಸಿಸ್ಟರ್ ಆದೆ ಎನ್ನುವುದೆಲ್ಲ ಸರ್ವೀಸ್ ರಿಜಿಸ್ಟರಿನಲ್ಲಿದೆ, ಅದು ಅಲ್ಲೇ ಇರಲಿ. ಇದು ಅದರಲ್ಲಿ ಇಲ್ಲದ್ದು.

ನಾನು ಹುಟ್ಟಿ ಬೆಳೆದದ್ದು ಲಷ್ಕರ್ ಮೊಹಲ್ಲಾದಲ್ಲಿ. ಬೀದಿಯಲ್ಲಿ ಕನ್ನಡ, ಉರ್ದು, ತಮಿಳು ಒಂದರ ಮೇಲೊಂದು ಬಿದ್ದು ಓಡಾಡುತ್ತಿದ್ದವು. ಬೆಳಿಗ್ಗೆ ಕಾನ್ವೆಂಟಿನ ಗೇಟು ದಾಟಿದರೆ ಮಾತ್ರ ಸಂಜೆಯವರೆಗೆ ಇಂಗ್ಲಿಷು. ಅಲ್ಲಿನ ಹಿರಿಯ ಸನ್ಯಾಸಿನಿ, ನಮ್ಮ ಮದರ್, ನನ್ನ ಉಚ್ಚಾರಣೆಯನ್ನು ತಿದ್ದಿ ತಿದ್ದಿ ಎಲೊಕ್ಯೂಶನ್ನಿನಲ್ಲಿ ಪ್ರೈಜ್ ಬರುವ ಹಾಗೆ ಮಾಡಿದರು. ಅವರ ಋಣ ದೊಡ್ಡದು. ಆದರೆ ಕನ್ನಡ ನನಗೆ ಮನೆಯಲ್ಲಿ ಅಮ್ಮ ಬೈಯುವ ಭಾಷೆಯಾಗಿ, ಶಾಲೆಯಲ್ಲಿ ಸೆಕೆಂಡ್ ಲ್ಯಾಂಗ್ವೇಜಿನ ಪುಸ್ತಕವಾಗಿ ಉಳಿಯಿತು. ನಡುವಿನದು ಬರಲೇ ಇಲ್ಲ. ಆಸ್ಪತ್ರೆಗೆ ಬೇಕಾಗಿದ್ದದ್ದು ಆ ನಡುವಿನದೇ.

ಹೆಂಗಸರ ಸರ್ಜಿಕಲ್ ವಾರ್ಡಿನಲ್ಲಿ ನನ್ನ ಮೊದಲ ವಾರ. ನಂಜನಗೂಡಿನ ಕಡೆಯ ಒಬ್ಬ ಅಜ್ಜಿಯ ಮುಂದೆ ಚಾರ್ಟು ಹಿಡಿದು ನಿಂತು, “ತಮಗೆ ಮಲವಿಸರ್ಜನೆ ಸರಿಯಾಗಿ ಆಯಿತೇ?” ಎಂದೆ. ಅಜ್ಜಿ ಎದ್ದು ಕೂತು ಸೆರಗು ತಲೆಯ ಮೇಲೆ ಎಳೆದುಕೊಂಡು ನನಗೆ ಕೈ ಮುಗಿದರು. ಇನ್ನೂ ಗಟ್ಟಿಯಾಗಿ ಅದನ್ನೇ ಕೇಳಿದೆ. ಇನ್ನೂ ಭಕ್ತಿಯಿಂದ ಮುಗಿದರು. ನೆಲ ಒರೆಸುತ್ತಿದ್ದ ಆಯಾ ಪುಟ್ಟಮ್ಮ ಬಟ್ಟೆ ಬಿಟ್ಟು ಸೊಂಟ ಹಿಡಿದುಕೊಂಡು ನಗತೊಡಗಿದರು.

“ಅಯ್, ಬುಡೀ ಸಿಸ್ಟ್ರಮ್ಮ! ನೀವೇನೋ ಮಂತ್ರ ಯೋಳ್ತಿದ್ದೀರಿ ಅಂದ್ಕಂಡವ್ರೆ ಅವ್ರು. ಅಜ್ಜೀ, ಬೆಳಗ್ಗೆ ಆಚೆ ಕಡೆ ಓಗಿದ್ರಾ?”

“ಓ, ಓಗಿದ್ದೆ ಕಣವ್ವ. ಎಲ್ಡ್ ಸಲ.”

ಪುಟ್ಟಮ್ಮ ನನಗಿಂತ ಹತ್ತು ವರ್ಷ ದೊಡ್ಡವರು. ಶಾಲೆಯ ಮುಖ ನೋಡಿದವರಲ್ಲ. ನನ್ನ ಕನ್ನಡವನ್ನು ರಿಪೇರಿ ಮಾಡಿದವರು ಅವರು. ನೋವು ಎಂದರೆ ಎಲ್ಲ ನೋವೂ ಒಂದೇ ಅಲ್ಲ, ಚುಚ್ಚುತ್ತದಾ, ಸೆಳೆಯುತ್ತದಾ, ಹಿಂಡುತ್ತದಾ, ಧಗಧಗ ಅನ್ನುತ್ತದಾ ಎಂದು ಕೇಳಬೇಕೆಂದು ಕಲಿಸಿದರು. ಪೇನ್ ಸ್ಕೇಲ್ ಎಂಬುದು ಆಮೇಲೆ ಬಂತು, ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳುವುದು. ಒಬ್ಬ ಹೆಂಗಸು ಅದಕ್ಕೆ, “ಹತ್ತರಲ್ಲಿ ಯಾಕಮ್ಮ ಕೇಳ್ತೀರಿ, ಎದೆ ಮೇಲೆ ಕಲ್ಲು ಇಟ್ಟಂಗದೆ” ಎಂದಳು. ಚಾರ್ಟಿನಲ್ಲಿ ಎಂಟು ಎಂದು ಬರೆದೆ. ಕಲ್ಲು ಎಂದು ಬರೆದಿದ್ದರೆ ಮುಂದಿನ ಶಿಫ್ಟಿನವಳಿಗೆ ಹೆಚ್ಚು ತಿಳಿಯುತ್ತಿತ್ತೇನೋ.

ಇನ್ನೊಂದು ನನ್ನ ದೊಡ್ಡ ಕೆಟ್ಟ ಅಭ್ಯಾಸ, “ಅರ್ಥವಾಯಿತಾ?” ಎಂದು ಕೇಳುವುದು. ಬಿಳಿ ಯೂನಿಫಾರಂ ಹಾಕಿಕೊಂಡವಳು ಹಾಗೆ ಕೇಳಿದರೆ ನಮ್ಮ ಕಡೆಯವರು “ಹೂಂ” ಎನ್ನುತ್ತಾರೆ. ಇಲ್ಲ ಎಂದರೆ ದೊಡ್ಡವರಿಗೆ ಎದುರು ಹೇಳಿದ ಹಾಗಾಗುತ್ತದಲ್ಲ! ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೊರಟಿದ್ದ ಒಬ್ಬಾಕೆಗೆ ಗಾಯಕ್ಕೆ ನೀರು ತಾಗಿಸಬಾರದು ಎಂದು ಮೂರು ಸಲ ಹೇಳಿದ್ದೆ. ಮೂರು ಸಲವೂ ಹೂಂ. ವಾರ ಬಿಟ್ಟು ಬಂದಾಗ ಹೊಲಿಗೆಯ ಮೇಲೆ ಅರಿಶಿನ ಬೆರೆಸಿದ ಹರಳೆಣ್ಣೆ ಮೆತ್ತಿಕೊಂಡು, ಕೀವು ತುಂಬಿ, ಜ್ವರದಲ್ಲಿ ನಡುಗುತ್ತಿದ್ದಳು.

“ಏನಮ್ಮ ಇದು? ಹೇಳಿರಲಿಲ್ವಾ ನಾನು?”

“ನೀರು ಬ್ಯಾಡ ಅಂದ್ರಿ ಸಿಸ್ಟ್ರಮ್ಮ. ಒಂದ್ ತೊಟ್ಟೂ ಸೋಕ್ಸಿಲ್ಲ, ದೇವ್ರಾಣೆ.”

ಹಟಕ್ಕೆ ಮಾಡಿದ್ದಲ್ಲ, ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಗಾಯ ಎಂದರೆ ಎಣ್ಣೆ ಅರಿಶಿನ ಅವಳ ಮನೆಯಲ್ಲಿ ಹೇಳದೇ ನಡೆಯುವ ಕೆಲಸ, ಅದನ್ನು ನಾನು ಕೇಳಿರಲೇ ಇಲ್ಲ. ಅಂದಿನಿಂದ ಡಿಸ್ಚಾರ್ಜ್ ಆಗುವವರನ್ನು ಕೂರಿಸಿಕೊಂಡು, “ಮನೆಗೆ ಹೋದ ಮೇಲೆ ಗಾಯಕ್ಕೆ ಏನೇನು ಮಾಡ್ತೀರಿ, ನಂಗೆ ಹೇಳಿ” ಎನ್ನಲು ಶುರು ಮಾಡಿದೆ. ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಈಗಿನ ಟ್ರೈನಿಂಗಿನಲ್ಲಿ ಇದಕ್ಕೊಂದು ಒಳ್ಳೆಯ ಇಂಗ್ಲಿಷ್ ಹೆಸರಿದೆಯಂತೆ. ನನಗೆ ಅದು ಒಬ್ಬಳ ಕೀವಿನಿಂದ ಬಂದ ಬುದ್ಧಿ.

ಇಷ್ಟೆಲ್ಲ ಕಲಿತವಳು ಇನ್ನೊಂದು ವಿಷಯದಲ್ಲಿ ಕುರುಡಿಯಾಗಿಯೇ ಉಳಿದೆ.

ನಮ್ಮ ಮೇಟ್ರನ್ ಬಹಳ ಶಿಸ್ತಿನವರು. ಸೀರೆಯ ನೆರಿಗೆ ಅಳತೆ ಹಿಡಿದ ಹಾಗೆ. ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡ್‌ಓವರನ್ನು ಆಫೀಸಿನಲ್ಲಿ ಕೂತು ಕೊಡುವ ಹಾಗಿಲ್ಲ. ಪ್ರತಿ ಮಂಚದ ಬಳಿ ಹೋಗಿ, ರೋಗಿಯನ್ನು ನೋಡುತ್ತಾ ಕೊಡಬೇಕು. ಅದು ಒಳ್ಳೆಯ ನಿಯಮ, ಅದರಿಂದ ಎಷ್ಟೋ ಅನಾಹುತ ತಪ್ಪಿದೆ. ಆದರೆ ಮಂಚದ ಬಳಿ ಆಡುವುದೆಲ್ಲ ಇಂಗ್ಲಿಷಿನಲ್ಲೇ. “ನೆವರ್ ಇನ್ ದೇರ್ ಲ್ಯಾಂಗ್ವೇಜ್, ಗ್ರೇಸ್. ವೈ ಫ್ರೈಟನ್ ದಿ ಪೂರ್ ಥಿಂಗ್?” ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಬೇಡ, ಪಾಪದವರನ್ನು ಯಾಕೆ ಹೆದರಿಸಬೇಕು ಎಂಬ ಆ ಮಾತು ನನಗೆ ಕರುಣೆಯಂತೆಯೇ ಕಂಡಿತ್ತು. ಡಾಕ್ಟರುಗಳೂ ಹಾಗೇ ಮಾಡುತ್ತಿದ್ದರು. ಕನ್ನಡದಲ್ಲಿ “ಹೇಗಿದ್ದೀಯಮ್ಮ, ಊಟ ಮಾಡಿದ್ಯಾ” ಎಂದು ಶುರುವಾದದ್ದು ಗಂಭೀರ ವಿಷಯ ಬಂದ ತಕ್ಷಣ ಇಂಗ್ಲಿಷಿಗೆ ಹಾರುತ್ತಿತ್ತು. ಮಂಚದ ಸುತ್ತ ಹಸಿರು ಪರದೆ ಎಳೆಯುತ್ತೇವಲ್ಲ, ಹಾಗೆ ಇದೂ ಒಂದು ಪರದೆ ಎಂದುಕೊಂಡಿದ್ದೆ. ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಅಲ್ಲಿ ಒಳ್ಳೆಯ ಬೆಲೆಯಿತ್ತು. ರೌಂಡ್ಸಿನಲ್ಲಿ ಡಾಕ್ಟರು ನನ್ನನ್ನೇ ಹುಡುಕಿ ಮಾತಾಡಿಸುತ್ತಿದ್ದರು. ಹೆಮ್ಮೆಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಜಯಮ್ಮ ಬಂದದ್ದು ನಾನು ವಾರ್ಡ್ ಸಿಸ್ಟರ್ ಆದ ಮೇಲೆ. ಬೋಗಾದಿಯವರು. ಒಕ್ಕಲು ಮನೆತನ. ಹೊಲವಿದ್ದ ಕಡೆಯೆಲ್ಲ ಬಡಾವಣೆ ಎದ್ದ ಮೇಲೆ, ಬಾಡಿಗೆ ರೂಮುಗಳಲ್ಲಿದ್ದ ಸ್ಟೂಡೆಂಟ್‌ಗಳಿಗೆ ಮನೆಯಲ್ಲೇ ಮೆಸ್ ನಡೆಸುತ್ತಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸವಿತಾ, ಆಗ ಹೈಸ್ಕೂಲಿನಲ್ಲಿದ್ದಳು. ಗಂಡನ ಅಣ್ಣ ನಿಂಗೇಗೌಡರು ಮನೆಗೆ ಹಿರಿಯರು. ಎಡಗಡೆಯ ಎದೆಯಲ್ಲಿ ಒಂದು ಗಂಟು, ಅವರೆಕಾಳಿಗಿಂತ ತುಸು ದೊಡ್ಡದು. ಸೂಜಿ ಹಾಕಿ ತೆಗೆದ ಚೂರನ್ನು ಲ್ಯಾಬಿಗೆ ಕಳಿಸಿದ್ದೆವು. ರಿಪೋರ್ಟ್ ಬರುವವರೆಗೆ ನಾಲ್ಕು ದಿನ ವಾರ್ಡಿನಲ್ಲಿದ್ದರು. ಆ ನಾಲ್ಕು ದಿನದಲ್ಲಿ ಇಡೀ ವಾರ್ಡನ್ನು ನಗಿಸಿದ್ದರು. ಆಸ್ಪತ್ರೆಯ ಸಾರನ್ನು ಬಾಯಿಗಿಟ್ಟು, “ಇದನ್ನ ನಮ್ ಹುಡುಗ್ರಿಗೆ ಬಡಿಸಿದ್ರೆ ತಟ್ಟೆ ನನ್ ತಲೆ ಮೇಲೆ ಕವುಚ್ತಾರೆ ಕಣ್ರೀ” ಎಂದಿದ್ದರು.

ಐದನೆಯ ದಿನ ಬೆಳಿಗ್ಗೆ ರೌಂಡ್ಸಿನಲ್ಲಿ ನಮ್ಮ ಸರ್ಜನ್ ಡಾಕ್ಟರ್ ಚಂದ್ರಶೇಖರ್ ರಿಪೋರ್ಟ್ ತೆರೆದರು. ಕ್ಯಾನ್ಸರ್. ಮಂಚದ ಪಕ್ಕದಲ್ಲಿ ನಿಂತು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ಬೇಗ ಸಿಕ್ಕಿದೆ, ಸಣ್ಣದಿದೆ, ಎರಡು ವಾರದೊಳಗೆ ಆಪರೇಷನ್ ಮಾಡಿದರೆ ಚೆನ್ನಾಗಿ ಆಗುತ್ತಾರೆ, ಶೀ ಈಸ್ ಲಕ್ಕಿ, ಸಿಸ್ಟರ್. ನಾನೂ ಇಂಗ್ಲಿಷಿನಲ್ಲೇ ದಿನಾಂಕ ಕೇಳಿದೆ. ಮಾತು ಮುಗಿದ ಮೇಲೆ ಡಾಕ್ಟರು ನಿಂಗೇಗೌಡರಿಗೆ ಸನ್ನೆ ಮಾಡಿ ಹೊರಗೆ ಕಾರಿಡಾರಿಗೆ ಕರೆದರು. ಅಲ್ಲಿ ಕನ್ನಡದಲ್ಲಿ ಎಲ್ಲ ವಿವರಿಸಿದರು. ಗೌಡರು ಟವೆಲಿನಿಂದ ಮುಖ ಒರೆಸಿಕೊಂಡರು.

“ಅವ್ಳಿಗೆ ಮಾತ್ರ ಯೋಳ್ಬ್ಯಾಡಿ ಸಾ. ಎದೆ ಒಡ್ಕಂಡು ಸತ್ತೋಯ್ತಾಳೆ. ನಾವ್ ಎಂಗೋ ಒಪ್ಪುಸ್ತೀವಿ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹೀಗೆ ತಲೆಯಾಡಿಸಿದ್ದು ಅದೇ ಮೊದಲಲ್ಲ.

ಒಳಗೆ ಬಂದಾಗ ಜಯಮ್ಮ ಮಂಚದ ಅಂಚಿನಲ್ಲಿ ಕೂತಿದ್ದರು. “ಏನಂದ್ರು ಸಿಸ್ಟ್ರಮ್ಮ?”

“ಏನಿಲ್ಲ ಕಣಮ್ಮ. ಸಣ್ಣ ಗಂಟು. ತೆಗೆದುಬಿಟ್ರೆ ಸರಿಹೋಗುತ್ತೆ. ಹನ್ನೆರಡು ದಿನ ಬಿಟ್ಟು ಬನ್ನಿ.”

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಆಯ್ತು ಬುಡಿ” ಎಂದು ಬಟ್ಟೆ ಗಂಟು ಕಟ್ಟಿಕೊಳ್ಳತೊಡಗಿದರು. ನಾನು ಮುಂದಿನ ಮಂಚಕ್ಕೆ ಹೋದೆ.

ಹನ್ನೆರಡನೆಯ ದಿನ ಜಯಮ್ಮ ಬರಲಿಲ್ಲ. ಥಿಯೇಟರಿನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ನಾಟ್ ರಿಪೋರ್ಟೆಡ್’ ಎಂದು ಬರೆದೆ. ಬರೆದುಕೊಂಡಿದ್ದ ನಂಬರಿಗೆ ಫೋನ್ ಮಾಡಿದೆ. ನಿಂಗೇಗೌಡರು ಎತ್ತಿ, “ಒಪ್ತಾನೇ ಇಲ್ಲ ಸಿಸ್ಟ್ರೇ, ತವರಿಗೆ ಓಗ್ಬುಟ್ಟವ್ಳೆ” ಎಂದರು. ಡಾಕ್ಟರಿಗೆ ತಿಳಿಸಿದೆ. “ದೇ ಆರ್ ಲೈಕ್ ದಟ್, ಸಿಸ್ಟರ್” ಎಂದರು. ನಿಜ, ಇವರು ಹೀಗೇ ಎಂದು ನನಗೂ ಅನ್ನಿಸಿತು. ಆ ಒಂದು ಮಾತಿನಲ್ಲಿ ನಾವಿಬ್ಬರೂ ಕೈ ತೊಳೆದುಕೊಂಡೆವು.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಗಾಲ್‌ಬ್ಲಾಡರಿನ ಆಪರೇಷನ್ ಆಗಿ ಆರಾಮವಾಗಿದ್ದ ಒಬ್ಬ ಮುದುಕಿಯ ಪಕ್ಕದಲ್ಲಿ ಡಾಕ್ಟರು ನಿಂತಿದ್ದರು. ಡಾಕ್ಟರ ತಾಯಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು, ಯಾವ ಡಾಕ್ಟರ ಹತ್ತಿರ ಹೋಗುವುದು ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನಾನೂ ಹೇಳಿದೆ. ಎರಡು ನಿಮಿಷದ ಮನೆ ವಿಚಾರ. ತಿರುಗಿ ನೋಡಿದರೆ ಮುದುಕಿ ದಿಂಬು ಕಚ್ಚಿಕೊಂಡು ಅಳುತ್ತಿದ್ದಳು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಪುಟ್ಟಮ್ಮ ಅವಳ ಬೆನ್ನು ಸವರಿ ಸಮಾಧಾನ ಮಾಡಿ, ನನ್ನನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋದರು.

“ತಪ್ಪು ತಿಳ್ಕಬ್ಯಾಡಿ ಸಿಸ್ಟ್ರಮ್ಮ. ನೀವೂ ಡಾಕ್ಟ್ರೂ ಮಂಚದತ್ರ ನಿಂತು ಇಂಗ್ಲೀಷ್ ಶುರು ಮಾಡುದ್ರೆ ಇಡೀ ವಾರ್ಡು ಉಸ್ರು ಬಿಗಿ ಹಿಡ್ಕತದೆ. ಇಂಗ್ಲೀಷ್ ಬಂತು ಅಂದ್ರೆ ಆ ಮಂಚದೋಳ್ದು ಮುಗೀತು ಅಂತ ಲೆಕ್ಕ.”

“ಯಾರು ಹೇಳಿದ್ರು ಹಾಗಂತ?”

“ಎಲ್ರೂ ಯೋಳ್ತಾರೆ. ಹಳಬ್ರು ಹೊಸಬ್ರಿಗೆ ಯೋಳ್ತಾರೆ. ಆ ಬೋಗಾದಿ ಜಯಮ್ಮನೂ ಅಂಗೇ ಓದ್ಲಲ್ಲ. ಬಟ್ಟೆ ಕಟ್ಕತಾ ನನ್ನತ್ರ ಅಂದ್ಲು, ‘ಇಂಗ್ಲೀಷಲ್ಲಿ ಮಾತಾಡ್ಬುಟ್ರು ಕಣಕ್ಕ, ಭಾವನ್ನೂ ಆಚಿಗೆ ಕರ್ದ್ರು. ನಂದು ಮುಗೀತು. ಸಾಯೋದೇ ಆದ್ರೆ ಕುಯ್ಸ್ಕಂಡು ಯಾಕ್ ಸಾಯ್ಲಿ’ ಅಂತ.”

“ಪುಟ್ಟಮ್ಮ, ಇದನ್ನ ಆಗಲೇ ಯಾಕೆ ಹೇಳಲಿಲ್ಲ?”

“ನಿಮಗೆ ಗೊತ್ತದೆ ಅಂದ್ಕಂಡೆ. ನೀವ್ ಯಾವತ್ತು ಕೇಳಿದ್ರಿ ನನ್ನ?”

ಕೇಳಿರಲಿಲ್ಲ. ವಾರ್ಡಿನಲ್ಲಿ ರೋಗಿಗಳ ಜೊತೆ ಎಲ್ಲರಿಗಿಂತ ಹೆಚ್ಚು ಹೊತ್ತು ಕಳೆಯುವವರು ಪುಟ್ಟಮ್ಮ. ನಮ್ಮ ಹ್ಯಾಂಡ್‌ಓವರಿನಲ್ಲಿ ಡಾಕ್ಟರು, ಸಿಸ್ಟರು, ಸ್ಟೂಡೆಂಟ್ ನರ್ಸು ಎಲ್ಲರೂ ಇದ್ದರು, ಆಯಾ ಇರಲಿಲ್ಲ. ಒಂದಕ್ಷರ ಇಂಗ್ಲಿಷ್ ಬಾರದ ರೋಗಿಗಳು ನಮ್ಮ ಇಂಗ್ಲಿಷನ್ನು ಇಷ್ಟು ದಿನ ಓದುತ್ತಲೇ ಬಂದಿದ್ದರು. ಪದಗಳನ್ನಲ್ಲ. ಭಾಷೆ ಬದಲಾದ ಆ ಗಳಿಗೆಯನ್ನು.

ಆ ವಾರದ ರಜೆಯ ದಿನ ಬೋಗಾದಿಗೆ ಬಸ್ ಹತ್ತಿದೆ. ಆಗ ಅಲ್ಲಿ ಒಂದು ಕಡೆ ಹಳೆಯ ಹೆಂಚಿನ ಮನೆಗಳು, ಇನ್ನೊಂದು ಕಡೆ ಮೇಲೇಳುತ್ತಿದ್ದ ಪಿಲ್ಲರುಗಳು, ರಸ್ತೆಯ ತುಂಬಾ ಜಲ್ಲಿ. ಯಾರೋ ಮೆಸ್ ಜಯಮ್ಮನ ಮನೆ ತೋರಿಸಿದರು. ತವರಿಗೆ ಹೋದವರು ತಿಂಗಳೊಪ್ಪತ್ತಿನಲ್ಲೇ ವಾಪಸು ಬಂದಿದ್ದರಂತೆ. ಮಧ್ಯಾಹ್ನದ ಊಟ ಮುಗಿದು ಆಕೆ ಒಬ್ಬರೇ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದರು. ಎಡಗೈಯನ್ನು ಮೈಗೆ ಒತ್ತಿಕೊಂಡು ಬಲಗೈಯಲ್ಲೇ ಉಜ್ಜುತ್ತಿದ್ದರು.

“ಇದೇನು ಸಿಸ್ಟ್ರಮ್ಮ, ದಾರಿ ತಪ್ಪಿ ಬಂದ್ಬುಟ್ರಾ? ಮುದ್ದೆ ಉಳ್ದದೆ, ಬಸ್ಸಾರು ಅದೆ. ನಿಮ್ ಆಸ್ಪತ್ರೆ ಸಾರಲ್ಲ, ಭಯ ಬೀಳ್ಬ್ಯಾಡಿ.”

ಹಿತ್ತಲಿನ ಕಟ್ಟೆಯ ಮೇಲೆ ಕೂತೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ಮನುಷ್ಯನ ದೇಹ ಎಂದ ಮೇಲೆ ಏನೇನೋ ಬರುತ್ತದೆ, ಈಗ ಮೆಡಿಕಲ್ ಸೈನ್ಸ್ ತುಂಬಾ ಮುಂದುವರಿದಿದೆ, ಧೈರ್ಯ ಮುಖ್ಯ, ಹೀಗೆ. ಜಯಮ್ಮ ಸೌದೆ ಬೂದಿಯ ಕೈಯನ್ನು ನನ್ನ ಮುಖದ ಮುಂದೆ ಎತ್ತಿದರು.

“ಸುತ್ತಿ ಬಳ್ಸಿ ಬ್ಯಾಡ ಕಣಮ್ಮ. ಯೋಳಕ್ ಬಂದಿರೋದ್ನ ಯೋಳಿ.”

“ಜಯಮ್ಮ, ನಿಮಗಿರೋದು ಕ್ಯಾನ್ಸರ್.”

ಆಕೆ ಕೈಯಲ್ಲಿದ್ದ ತಟ್ಟೆಯನ್ನು ನೀರಿನಲ್ಲಿ ಅದ್ದಿ, ತೆಗೆದು, ಬೋರಲು ಹಾಕಿದರು. ಇನ್ನೊಂದು ತಟ್ಟೆ ಎತ್ತಿಕೊಂಡರು. ಅದನ್ನೂ ತೊಳೆದರು.

“ಅದು ಗೊತ್ತಿತ್ತು” ಎಂದರು ಕೊನೆಗೆ. “ಅಲ್ಲ, ಅವತ್ತು ಡಾಕ್ಟ್ರು ಇಂಗ್ಲೀಷಲ್ಲಿ ಏನಂದ್ರು? ಎಷ್ಟ್ ದಿನ ಅಂದ್ರು?”

“ದಿನದ ಮಾತೇ ಆಡಲಿಲ್ಲ. ಬೇಗ ಸಿಕ್ಕಿದೆ, ಸಣ್ಣದಿದೆ, ತೆಗೆದರೆ ಚೆನ್ನಾಗಿ ಆಗ್ತಾರೆ ಅಂದ್ರು. ನಿಮ್ಮ ಅದೃಷ್ಟ ಚೆನ್ನಾಗಿದೆ ಅಂದ್ರು.”

ಜಯಮ್ಮ ನನ್ನನ್ನು ನೋಡಿದ ನೋಟವನ್ನು ನಾನು ಯಾವ ಭಾಷೆಯಲ್ಲೂ ಬರೆಯಲಾರೆ.

“ಒಳ್ಳೇ ಮಾತ್ನಾ? ಒಳ್ಳೇ ಮಾತ್ನ ಇಂಗ್ಲೀಷಲ್ಲಿ ಆಡುದ್ರಾ? ಅದ್ನೂ ಬಚ್ಚಿಟ್ಕಂಡ್ರಲ್ಲಮ್ಮ ನೀವು!”

ತಪ್ಪಾಯಿತು ಎಂದೆ. ಸಾರಿ ಎಂದು ನಾಲಿಗೆಯ ತುದಿಗೆ ಬಂದಿತ್ತು, ಅದು ಬಹಳ ಹಗುರ ಎನ್ನಿಸಿತು. ಜಯಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದರು. ಮುದ್ದೆ, ಸಾರು ತಂದು ನನ್ನ ಮುಂದಿಟ್ಟರು. “ಉಣ್ಣಿ. ಉಂಡ್ಮೇಲೆ ಯೋಳಿ, ಈಗೇನ್ ಮಾಡ್ಬೇಕು ಅಂತ. ಭಾವನ್ಗಲ್ಲ. ನಂಗೆ.”

ಮರುದಿನವೇ ಅವರು ಆಸ್ಪತ್ರೆಗೆ ಬಂದರು. ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಕಂಕುಳಲ್ಲೂ ಗಂಟುಗಳು ಕೈಗೆ ಸಿಗುತ್ತಿದ್ದವು. ಅವತ್ತು ‘ಲಕ್ಕಿ’ ಎಂಬ ಪದ ಯಾರ ಬಾಯಲ್ಲೂ ಬರಲಿಲ್ಲ.

ಪರೀಕ್ಷೆ ಮುಗಿಸಿ ಡಾಕ್ಟರು ಅಭ್ಯಾಸದಂತೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದರು. “ಸರ್, ಅವರಿಗೇ ಹೇಳಿ. ಕನ್ನಡದಲ್ಲಿ” ಎಂದೆ. ಅಷ್ಟು ಜನರ ಮುಂದೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವರ ಮುಖ ಕೆಂಪಾಯಿತು. ಸ್ಟೂಲ್ ಎಳೆದುಕೊಂಡು ಕೂತು, ಜಯಮ್ಮನವರಿಗೇ ಹೇಳಿದರು. ಅವರ ಕನ್ನಡವೂ ನನ್ನ ಹಾಗೆಯೇ ಪುಸ್ತಕದ ಕಡೆ ಜಾರುತ್ತಿತ್ತು. ಜಯಮ್ಮ ನಡುನಡುವೆ, “ಅಂದ್ರೆ ಎಂಗೆ ಸಾರ್?” ಎಂದು ಕೇಳಿ ಸರಿ ಮಾಡಿಸಿಕೊಂಡರು. ನಿಂಗೇಗೌಡರು ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಡಾಕ್ಟರು ನನ್ನನ್ನು ರೂಮಿಗೆ ಕರೆಸಿ ಗದರಿದರು. ರೋಗಿಯ ಮನೆಗೆ ಹೋದದ್ದಕ್ಕೆ ಮೇಲಿನವರಿಂದ ನನಗೊಂದು ಮೆಮೋ ಬಂತು. ಬರೆದು ಉತ್ತರ ಕೊಟ್ಟೆ. ಆದರೆ ಒಂದು ಹೇಳಲೇಬೇಕು, ಡಾಕ್ಟರ್ ಚಂದ್ರಶೇಖರ್ ಆಮೇಲೆ ನಮ್ಮ ವಾರ್ಡಿನಲ್ಲಿ ಮಂಚದ ಪಕ್ಕ ನಿಂತು ಇಂಗ್ಲಿಷಿಗೆ ಹಾರಿದ್ದನ್ನು ನಾನು ಕಾಣೆ. ಹ್ಯಾಂಡ್‌ಓವರಿಗೆ ಪುಟ್ಟಮ್ಮನೂ ಬಂದು ನಿಲ್ಲತೊಡಗಿದರು. ಮೊದಮೊದಲು ಸಂಕೋಚಪಟ್ಟರು, ಆಮೇಲೆ ಅವರು ಹೇಳದೇ ಹ್ಯಾಂಡ್‌ಓವರ್ ಮುಗಿಯುತ್ತಿರಲಿಲ್ಲ. ನನ್ನ ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಬಂತು. ಹುಡುಗಿಯರು ಸ್ಕ್ರೀನ್ ನೋಡುತ್ತಾ ರೋಗಿಯನ್ನು ಪ್ರಶ್ನೆ ಕೇಳುವುದನ್ನು ಕಂಡಾಗಲೆಲ್ಲ, ಆ ಮಂಚದವಳು ಅದನ್ನು ಏನೆಂದು ಓದಿಕೊಳ್ಳುತ್ತಿದ್ದಾಳೋ ಎಂದು ನನಗೆ ಭಯವಾಗುತ್ತಿತ್ತು.

ಜಯಮ್ಮ ಆಪರೇಷನ್ ಮಾಡಿಸಿಕೊಂಡರು. ಕೀಮೋದಲ್ಲಿ ತಲೆಗೂದಲು ಉದುರಿದಾಗ ಟವೆಲ್ ಸುತ್ತಿಕೊಂಡೇ ಮುದ್ದೆ ತಿರುವಿದರು. ನಾಲ್ಕು ವರ್ಷ ಚೆನ್ನಾಗಿದ್ದರು. ಸವಿತಾ ಡಿಗ್ರಿಗೆ ಸೇರಿದಳು. ಆಮೇಲೆ ಬೆನ್ನು ನೋವು ಬಂತು. ಮೂಳೆಗೆ ಹಬ್ಬಿತ್ತು.

ಈ ಸಲ ಡಾಕ್ಟರು ಎಲ್ಲವನ್ನೂ ಅವರಿಗೇ ನೇರ ಹೇಳಿದ್ದರು. ಅದೇ ದಿನ ಮಧ್ಯಾಹ್ನ, ವಾರ್ಡು ಸ್ವಲ್ಪ ಖಾಲಿಯಿದ್ದಾಗ, ಜಯಮ್ಮ ನನ್ನನ್ನು ಹತ್ತಿರ ಕರೆದರು.

“ಸಿಸ್ಟ್ರಮ್ಮ, ಒಂದ್ ಮಾತು. ಆ ಐದು ತಿಂಗಳು ನಾನು ತಪ್ಪಿಸ್ಕಳ್ದೇ ಇದ್ದಿದ್ರೆ ಬದುಕ್ತಿದ್ನಾ?”

ನನ್ನ ಇಡೀ ಸರ್ವೀಸಿನಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ‘ಎಲ್ಲ ದೇವರ ಇಚ್ಛೆ’ ಎನ್ನಬಹುದಿತ್ತು. ‘ಅದನ್ನೆಲ್ಲ ಯೋಚಿಸಬೇಡಿ’ ಎನ್ನಬಹುದಿತ್ತು. ಇಂಥ ಮಾತುಗಳು ನಮ್ಮ ಜೇಬಿನಲ್ಲಿ ಸದಾ ಇರುತ್ತವೆ.

“ಖಂಡಿತ ಹೇಳೋಕ್ಕಾಗಲ್ಲ ಜಯಮ್ಮ. ಆದ್ರೆ ಆಗಲೇ ತೆಗೆದಿದ್ರೆ ಬದುಕೋ ಛಾನ್ಸು ಜಾಸ್ತಿ ಇತ್ತು.”

ಆಕೆ ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳಲಿಲ್ಲ. ಬೇರೆ ಸಿಸ್ಟರ್ ಕೊಟ್ಟರೆ ನುಂಗುತ್ತಿದ್ದರು. ನಾನು ಪಕ್ಕದಲ್ಲಿ ಹಾದರೆ ಕಣ್ಣು ಮುಚ್ಚುತ್ತಿದ್ದರು. ಅವರಿಗೆ ಆ ಹಕ್ಕು ಇತ್ತು. ನಾನು ಸಮಜಾಯಿಷಿ ಹೇಳಲು ಹೋಗಲಿಲ್ಲ.

ಮೂರನೆಯ ದಿನ ಪುಟ್ಟಮ್ಮ ಬಂದು, “ಕರೀತಾವ್ಳೆ, ಓಗಿ” ಎಂದರು.

ಹೋದೆ. ಮಂಚದ ಅಂಚಿನಲ್ಲಿ ಸವಿತಾ ಕೂತಿದ್ದಳು. ತಾಯಿಯ ಬೆನ್ನಿಗೆ ಬಿಸಿನೀರಿನ ಚೀಲ ಇಡುತ್ತಾ, “ಅಮ್ಮ, ಡಿಸ್ಚಾರ್ಜ್ ಯಾವಾಗಂತೆ? ಎಕ್ಸಾಮ್ ಮುಗಿದ್ಮೇಲೆ ನಾನೇ ನೋಡ್ಕೋತೀನಿ ಬಿಡು ಮೆಸ್ಸು” ಎನ್ನುತ್ತಿದ್ದಳು. ಜಯಮ್ಮ ಮುಖವನ್ನು ನನ್ನ ಕಡೆ ತಿರುಗಿಸಿ ಮೆಲ್ಲಗೆ ಹೇಳಿದರು.

“ಅದು ತಿರ್ಗಾ ಬಂದಿರೋದು ಇವ್ಳಿಗೆ ಗೊತ್ತಿಲ್ಲ ಸಿಸ್ಟ್ರಮ್ಮ. ವಾತದ ನೋವು ಅಂತ ಯೋಳ್ಸಿವ್ನಿ ಭಾವನ್ ಕೈಲಿ. ಪರೀಕ್ಷೆ ಮುಗೀಲಿ ಅಂತ. ಎಲ್ಡ್ ದಿನದಿಂದ ಯೋಚ್ನೆ ಮಾಡ್ತಿದ್ದೆ, ನಿಮ್ಮ ಬೈಕತಾ. ಬೈದೂ ಬೈದೂ ಕೊನೆಗೆ ನೋಡುದ್ರೆ ನಾನೂ ಅದೇ ಕೆಲ್ಸ ಮಾಡ್ತಾ ಇವ್ನಿ.”

ಸವಿತಾ ಬಿಸಿನೀರಿನ ಚೀಲ ಹಿಡಿದುಕೊಂಡೇ ನಮ್ಮಿಬ್ಬರ ಮುಖವನ್ನೂ ನೋಡಿದಳು. “ಏನಮ್ಮ? ಏನು ಅದೇ ಕೆಲ್ಸ?”

“ನೀವ್ ಯೋಳಿ” ಎಂದರು ಜಯಮ್ಮ ನನಗೆ. “ನಂಗೆ ಅಳು ಬತ್ತದೆ. ಆಚಿಗೆ ಕರ್ಕಂಡು ಓಗಿ ಅಲ್ಲ. ಇಲ್ಲೇ, ನನ್ ಮುಂದೆ ಯೋಳಿ. ಅವ್ಳೂ ಮುಂದೆ ಎದೆ ಪರೀಕ್ಷೆ ಮಾಡ್ಸ್ಕತಾ ಇರ್ಬೇಕು, ಅದ್ನೂ ಯೋಳಿ.”

ನಾನು ಸವಿತಾಳ ಪಕ್ಕದಲ್ಲಿ ಮಂಚದ ಮೇಲೇ ಕೂತೆ. ರೋಗಿಯ ಮಂಚದ ಮೇಲೆ ಕೂರಬಾರದು ಎಂಬ ನಿಯಮವನ್ನು ನಾನೇ ಎಷ್ಟು ಹುಡುಗಿಯರಿಗೆ ಕಲಿಸಿದ್ದೆನೋ. “ಸವಿತಾ, ನಾನು ಈಗ ಹೇಳೋದು ಕಷ್ಟದ ವಿಷಯ” ಎಂದೆ. ಮುಂದಿನ ಪದ ಬಾಯಿಗೆ ಬರುವಷ್ಟರಲ್ಲಿ ಜಯಮ್ಮನ ಕೈ ನನ್ನ ಮೊಣಕೈಯನ್ನು ಹಿಡಿಯಿತು.

“ತಾಳಿ ಸಿಸ್ಟ್ರಮ್ಮ. ನಾನೇ ಯೋಳ್ತೀನಿ.”

ಅವರು ದಿಂಬಿಗೆ ಒರಗಿ ಕೂರಲು ನಾನು ನೆರವಾದೆ. ಎದ್ದು ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ನನ್ನ ಮೊಣಕೈಯನ್ನು ಅವರು ಬಿಟ್ಟಿರಲಿಲ್ಲ, ಹಾಗಾಗಿ ಅಲ್ಲೇ ಉಳಿದೆ. ಇನ್ನೊಂದು ಕೈಯಿಂದ ಅವರು ಮಗಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

“ಇಲ್ ನೋಡವ್ವ, ನನ್ ಮಖ ನೋಡು” ಎಂದರು. “ನಂಗಿರೋದು ವಾತ ಅಲ್ಲ.”